ಹಾಜರಿ ಮುಗಿಯದ ದಿನ

ನಮ್ಮೂರಿನಲ್ಲಿ ಬೆಳಗಿನ ಹಾಜರಿ ತಪ್ಪಿಸಿಕೊಳ್ಳಲು ನೋಡಿದವಳು ನಾನೊಬ್ಬಳೇ. ತಪ್ಪಿಸಿಕೊಳ್ಳಲು ಆಗಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಗುಲಾಬಿ, ಪೇಟೆ ಬೀದಿಯ ಮೂಲೆಯಲ್ಲಿ ನನ್ನ ಟೈಲರ್ ಅಂಗಡಿ. ಜೀವನದಲ್ಲಿ ಒಂದು ದಿನವಾದರೂ ಏಳು ಗಂಟೆಯವರೆಗೆ ಮಲಗಬೇಕೆಂಬುದು ನನ್ನ ಆಸೆ. ಬೇರೆ ಊರುಗಳಲ್ಲಿ ಜನ ದಿನಾ ಮಲಗುತ್ತಾರಂತೆ. ನಮ್ಮಲ್ಲಿ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಡಾಲ್ಫಿನ್‌ಗಳು ಅಳಿವೆಗೆ ಬರುತ್ತವೆ. ಹೊಳೆ ಕಡಲು ಸೇರುವಲ್ಲಿರುವ ಕಲ್ಲಿನ ಮೆಟ್ಟಿಲುಗಳ ಎದುರು ಸಾಲಾಗಿ ನಿಂತು ನಮ್ಮನ್ನು ಒಬ್ಬೊಬ್ಬರಾಗಿ ಕರೆಯುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಸಿಳ್ಳೆ. ತನ್ನ ಸಿಳ್ಳೆ ಕೇಳಿದವರು ಬಗ್ಗಿ ಅಂಗೈಯಿಂದ ನೀರನ್ನು ಒಮ್ಮೆ ತಟ್ಟಬೇಕು. ಬಂದಿದ್ದೇನೆ ಎಂದು ಅರ್ಥ. ಎಲ್ಲರೂ ತಟ್ಟಿಯಾದ ಮೇಲೆ ಅವು ಕಡಲಿಗೆ ತಿರುಗುತ್ತವೆ, ದೋಣಿಗಳು ಅವುಗಳ ಹಿಂದೆ ಹೋಗುತ್ತವೆ, ಶಾಲೆಯ ಗಂಟೆ ಹೊಡೆಯುತ್ತದೆ, ಹೋಟೆಲಿನಲ್ಲಿ ಇಡ್ಲಿ ಇಳಿಯುತ್ತದೆ.

ಒಬ್ಬರು ಕಡಿಮೆಯಾದರೂ ಅವು ಕದಲುವುದಿಲ್ಲ. ಬಾರದವರ ಸಿಳ್ಳೆಯನ್ನೇ ಹಾಕುತ್ತ ಅಳಿವೆಯ ತುಂಬ ಸುತ್ತುತ್ತವೆ. ಅವು ಮೀನನ್ನು ಅಟ್ಟಿಕೊಂಡು ಬಂದರಷ್ಟೇ ನಮ್ಮ ಬಲೆಗೆ ಮೀನು. ಹಾಗಾಗಿ ಅವು ಕದಲದೆ ದೋಣಿ ಕದಲುವುದಿಲ್ಲ, ದೋಣಿ ಕದಲದೆ ಊರು ಕದಲುವುದಿಲ್ಲ. ನಾನು ಹತ್ತೊಂಬತ್ತು ವರ್ಷದವಳಿದ್ದಾಗ ಒಂದು ದಿನ, ಹೋಗುವುದೇ ಇಲ್ಲ ಎಂದು ಹಟ ಹಿಡಿದು ಚಾದರ ಎಳೆದುಕೊಂಡೆ. ಅರ್ಧ ಗಂಟೆಯಲ್ಲಿ ಊರಿಗೆ ಊರೇ ನಮ್ಮ ಅಂಗಳದಲ್ಲಿತ್ತು. ಹೆಡ್ಮಾಸ್ತರರು, ಹೋಟೆಲಿನವರು, ಹೆಗಲ ಮೇಲೆ ಬಲೆ ಹೊತ್ತ ಗಂಡಸರು. ಯಾರೂ ಬೈಯಲಿಲ್ಲ, ಸುಮ್ಮನೆ ನನ್ನ ಕಿಟಕಿಯನ್ನೇ ನೋಡುತ್ತ ನಿಂತಿದ್ದರು. ಅಮ್ಮ ಮಾತ್ರ, “ನಿನ್ನ ಮದುವೆಗೂ ಇಷ್ಟು ಜನ ಬರ್ಲಿಕ್ಕಿಲ್ಲ. ಎದ್ದು ಮುಖ ತೊಳಿ” ಎಂದಳು. ಕೆದರಿದ ತಲೆಯಲ್ಲೇ ಮೆರವಣಿಗೆ ಹೊರಟೆ. ಆಮೇಲೆ ತಪ್ಪಿಸಲಿಲ್ಲ. ಆದರೆ ಮೊದಲ ಕರೆಗೆ ನಾನು ನೀರು ತಟ್ಟುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ತಟ್ಟುತ್ತೇನೆ. ಅಷ್ಟಾದರೂ ಬಿಗುಮಾನ ಇರಬೇಕಲ್ಲ.

ಪರವೂರಿಗೆ ಹೋಗುವವರು ಹಿಂದಿನ ದಿನವೇ ನೀರನ್ನು ಎರಡು ಸಲ ತಟ್ಟಿ ರಜೆ ಕೇಳಿಕೊಳ್ಳುತ್ತಾರೆ. ಹುಟ್ಟಿದ ಮಗುವಿನ ಪಾದವನ್ನು ಹನ್ನೊಂದನೆಯ ದಿನ ನೀರಿಗೆ ಮುಟ್ಟಿಸಿದರೆ ಅದಕ್ಕೊಂದು ಹೊಸ ಸಿಳ್ಳೆ ಸಿಗುತ್ತದೆ. ಯಾರಾದರೂ ತೀರಿಕೊಂಡರೆ ಮನೆಯವರು ಮೂರು ಸಲ ತಟ್ಟುತ್ತಾರೆ, ಆ ಸಿಳ್ಳೆ ಮತ್ತೆ ಕೇಳುವುದಿಲ್ಲ. ಎಂಟು ತಿಂಗಳ ಹಿಂದೆ ಬಯಲುಸೀಮೆಯಿಂದ ವರ್ಗವಾಗಿ ಬಂದ ಅಂಚೆ ಮಾಸ್ತರ ಚನ್ನವೀರಯ್ಯನವರನ್ನು ಕೂಡ ಮೂರನೆಯ ಬೆಳಿಗ್ಗೆಯೇ ಕರೆದವು. ಅವರು ನೀರು ತಟ್ಟಿ, ಕಣ್ಣು ಒರೆಸಿಕೊಂಡು, “ಇಪ್ಪತ್ತು ವರ್ಷದಾಗ ಇಲಾಖೆಯವ್ರು ಒಮ್ಮೆನೂ ನನ್ನ ಹೆಸರು ಹಿಡದು ಕರದಿಲ್ಲ ನೋಡ್ರಿ” ಎಂದಿದ್ದರು.

ಊರಿನವರನ್ನೆಲ್ಲ ಒಂದೇ ಡಾಲ್ಫಿನ್ ಕರೆಯುವುದಿಲ್ಲ. ಒಂದೊಂದಕ್ಕೆ ಇಷ್ಟಿಷ್ಟು ಮಂದಿ ಎಂದು ಲೆಕ್ಕ. ಐದನೆಯ ಮೆಟ್ಟಿಲಿನಲ್ಲಿ ನಿಲ್ಲುವ ನಾವು ಒಂಬತ್ತು ಜನ ಒಂದು ಡಾಲ್ಫಿನ್‌ನ ಪಾಲಿನವರು. ನಾನು, ಅಂಚೆ ಮಾಸ್ತರರು, ದೋಣಿ ನಡೆಸಿ ನಡೆಸಿ ಬೆನ್ನು ಬಾಗಿದ ಇಸ್ಮಾಯಿಲ್ ಸಾಹೇಬರು, ಬೇಕರಿಯ ಕಾರ್ಮಿನ್ ಬಾಯಿ, ಐಸ್ ಕಾರ್ಖಾನೆಯ ನಾಲ್ವರು ಅಣ್ಣತಮ್ಮಂದಿರು, ಮತ್ತೆ ಮೂರು ತಿಂಗಳ ಒಂದು ಹೆಣ್ಣುಮಗು. ಮಗುವನ್ನು ಅದರ ಅಜ್ಜಿ ಮಾದೇವಿ ಎತ್ತಿಕೊಂಡು ಬಂದು, ಪುಟ್ಟ ಅಂಗೈ ಹಿಡಿದು ನೀರಿಗೆ ತಟ್ಟಿಸುತ್ತಾಳೆ. ಕಾರ್ಮಿನ್ ಬಾಯಿಗೂ ನನಗೂ ಏಳು ವರ್ಷದಿಂದ ಮಾತಿಲ್ಲ. ನಾನು ಹೊಲಿದ ರವಿಕೆ ಬಿಗಿಯಾಯಿತು ಎಂದಳು. ರವಿಕೆ ಸರಿಯಾಗಿದೆ, ನಿನ್ನ ಬೇಕರಿಯ ಬೆಣ್ಣೆ ಬಿಸ್ಕತ್ತು ಸರಿಯಿಲ್ಲ ಎಂದೆ. ಅಂದಿನಿಂದ ಒಂದೇ ಮೆಟ್ಟಿಲಿನಲ್ಲಿ ಮುಖ ತಿರುಗಿಸಿ ನಿಲ್ಲುತ್ತೇವೆ.

ಕಳೆದ ಹುಣ್ಣಿಮೆಯ ಮರುದಿನ ಬೆಳಿಗ್ಗೆ ನಮ್ಮ ಒಂಬತ್ತು ಜನರನ್ನು ಯಾರೂ ಕರೆಯಲಿಲ್ಲ. ಉಳಿದವರ ಸಿಳ್ಳೆಗಳೆಲ್ಲ ಮುಗಿದವು. ನಾವು ಬಗ್ಗಿ ಕೈ ಮುಂದೆ ಚಾಚಿ ಕಾದೆವು. ಡಾಲ್ಫಿನ್‌ಗಳು ಕಡಲಿಗೆ ತಿರುಗಲೂ ಇಲ್ಲ, ಯಾರ ಸಿಳ್ಳೆಯನ್ನೂ ಹಾಕದೆ ಅಳಿವೆಯ ತುಂಬ ಸುತ್ತತೊಡಗಿದವು. ಯಾರೋ ಬಂದಿಲ್ಲ ಎಂದು ಊರವರು ಮನೆಮನೆಗೆ ಓಡಿದರು, ಹಾಸಿಗೆ ಹಿಡಿದವರನ್ನೂ ಮತ್ತೊಮ್ಮೆ ಹೊತ್ತು ತಂದು ತೋರಿಸಿದರು. ಎಲ್ಲರೂ ಇದ್ದರು. ಆಗ ನಿಧಾನವಾಗಿ ಕಣ್ಣುಗಳೆಲ್ಲ ಐದನೆಯ ಮೆಟ್ಟಿಲಿನ ಕಡೆ ಹೊರಳಿದವು. ಏನು ತಪ್ಪು ಮಾಡಿದರೋ ಇವರು, ಪಟ್ಟಿಯಿಂದ ಹೆಸರು ಹೊಡೆದು ಹಾಕಿವೆ ಎಂದು ಒಬ್ಬರು ಗುಸುಗುಟ್ಟಿದರು. ಅಂಚೆ ಮಾಸ್ತರರ ಮುಖ ಬಿಳಿಚಿತು. “ನನಗ ವರ್ಗ ಆಗೇದ ಅನಸ್ತದ. ಇಲಾಖೆಗಿಂತ ಮೊದಲ ಇವಕ್ಕ ಗೊತ್ತಾಗೇದ” ಎಂದರು.

ನನಗೆ ಮಾತ್ರ, ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಹೆಸರಿಲ್ಲವೆಂದರೆ ಹಾಜರಿಯೂ ಇಲ್ಲ. ನೆಟ್ಟಗೆ ಮನೆಗೆ ಬಂದು ಹಾಸಿಗೆ ಬಿಡಿಸಿ ಮಲಗಿದೆ. ಗಡಿಯಾರದಲ್ಲಿ ಏಳು ಗಂಟೆಯಾಯಿತು. ಐವತ್ತೆರಡು ವರ್ಷದ ಆಸೆ ಕೈಗೂಡಿತ್ತು. ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ನನ್ನ ಸಿಳ್ಳೆ ಸರ್ರನೆ ಮೇಲೇರಿ, ತುಸು ನಿಂತು, ಒಮ್ಮೆಲೇ ಕೆಳಗಿಳಿಯುತ್ತದೆ. ಅದು ಕಿವಿಯಲ್ಲಿ ಬೇಕು ಬೇಕು ಎನ್ನುತ್ತಿತ್ತು. ಅಮ್ಮ ಹೋದ ಮೇಲೆ ಈ ಲೋಕದಲ್ಲಿ ನನ್ನನ್ನು ಎಬ್ಬಿಸಲು ಬರುವ ಜೀವ ಅದೊಂದೇ ಎಂದು ಅಂದು ಹೊಳೆಯಿತು, ಅಳು ಬಂತು. ಎದ್ದು ಚಪ್ಪಲಿಯನ್ನೂ ಮೆಟ್ಟದೆ ಅಳಿವೆಗೆ ಓಡಿದೆ.

ಉಳಿದ ಎಂಟು ಜನ ಅಲ್ಲೇ ಐದನೆಯ ಮೆಟ್ಟಿಲಿನಲ್ಲಿ ಕೂತಿದ್ದರು. ಕಾರ್ಮಿನ್ ಬಾಯಿ ನನ್ನನ್ನು ನೋಡಿ, ಏಳು ವರ್ಷದಲ್ಲಿ ಮೊದಲ ಸಲ ಬಾಯಿ ತೆರೆದಳು. “ನಮ್ಮನ್ನು ಬಿಟ್ಟದ್ದಲ್ಲ ಗುಲಾಬಿ. ನಮ್ಮನ್ನು ಕರೆಯುವ ಡಾಲ್ಫಿನ್ನೇ ಬರ್ಲಿಲ್ಲ ಇವತ್ತು” ಎಂದಳು.

ಎಷ್ಟು ಸರಳವಾದ ಮಾತು. ಆದರೆ ಇಡೀ ಊರಿನಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ. ದಿನಾ ಎಣಿಸಿಕೊಂಡು ಎಣಿಸಿಕೊಂಡು ನಮಗೆ ಎಣಿಸಿಕೊಳ್ಳುವುದೊಂದೇ ಅಭ್ಯಾಸವಾಗಿತ್ತು. ಅವು ಒಟ್ಟು ಎಷ್ಟಿವೆ ಎಂದರೆ ಹದಿನೈದು ಎಂದವರೂ ಇದ್ದರು, ಮೂವತ್ತು ಎಂದವರೂ ಇದ್ದರು. ಕಾಣೆಯಾದದ್ದು ನೋಡಲು ಹೇಗಿತ್ತು ಎಂದರೆ ನಾವು ಒಬ್ಬೊಬ್ಬರೂ ಒಂದೊಂದು ಹೇಳಿದೆವು. ಇಸ್ಮಾಯಿಲ್ ಸಾಹೇಬರು ಅವಳು ಎಂದರು, ಕಾರ್ಮಿನ್ ಬಾಯಿ ಅವನು ಎಂದಳು. ಬೆನ್ನಿನ ರೆಕ್ಕೆ ಹರಿದಿತ್ತು ಎಂದರು ಅಣ್ಣತಮ್ಮಂದಿರು, ಯಾವ ಕಡೆ ಎಂದರೆ ನಾಲ್ಕು ಕಡೆ ತೋರಿಸಿದರು. ಐವತ್ತೆರಡು ವರ್ಷ ನನ್ನನ್ನು ಕರೆದದ್ದರ ಮೋರೆಯನ್ನು ನಾನು ನೆಟ್ಟಗೆ ನೋಡಿರಲಿಲ್ಲ, ನಿದ್ದೆಗಣ್ಣಿನಲ್ಲಿ ನೀರು ತಟ್ಟಿ ಬಂದಿದ್ದೆ. ನನಗೆ ತುಂಬಾ ನಾಚಿಕೆಯಾಯಿತು.

ಇಸ್ಮಾಯಿಲ್ ಸಾಹೇಬರ ಸಣ್ಣ ದೋಣಿಯಲ್ಲಿ ಹುಡುಕಲು ಹೊರಟೆವು. ಹಿಡಿಸಿದಷ್ಟು ಜನ ದೋಣಿಯಲ್ಲಿ, ಉಳಿದವರು ದಡದಲ್ಲಿ. ಅಳಿವೆಯಿಂದ ಹೊಳೆಯ ಮೇಲಕ್ಕೆ ಹತ್ತಾರು ಕಾಲುವೆಗಳಿವೆ. ಒಂದೊಂದರ ಬಾಯಲ್ಲೂ ದೋಣಿ ನಿಲ್ಲಿಸಿ ನಾನು ನನ್ನ ಸಿಳ್ಳೆ ಹಾಕಿದೆ. ಉತ್ತರವಿಲ್ಲ. ಅಂಚೆ ಮಾಸ್ತರರು ತಮ್ಮದನ್ನು ಹಾಕಿದರು, ಗಾಳಿ ಬಂತೇ ಹೊರತು ಸಿಳ್ಳೆ ಬರಲಿಲ್ಲ. ನಾಲ್ಕನೆಯ ಕಾಲುವೆಯಲ್ಲಿ ಕಾರ್ಮಿನ್ ಬಾಯಿ ತಲೆ ಚಚ್ಚಿಕೊಂಡಳು.

“ನಿನ್ನ ಹೆಸರು ನೀನೇ ಕೂಗಿಕೊಂಡರೆ ಎಂತ ಪ್ರಯೋಜನ ಮಾರಾಯ್ತಿ? ಕಳೆದುಹೋದವರ ಹೆಸರಲ್ಲವಾ ಕೂಗುವುದು?”

“ಅದರ ಹೆಸರು ಯಾರಿಗೆ ಗೊತ್ತುಂಟು?” ಎಂದೆ.

ಇಸ್ಮಾಯಿಲ್ ಸಾಹೇಬರು ಹುಟ್ಟು ಹಾಕುವುದನ್ನು ನಿಲ್ಲಿಸಿ ಯೋಚಿಸಿದರು. “ನಮ್ಮನ್ನು ಕರೆಯುವ ಮೊದಲು ಒಂದು ಗಂಟಲು ಸರಿಮಾಡ್ಕೊಳ್ತದಲ್ಲ. ಅದು ಎಂತ ಅಂತ?”

ಹೌದು. ನಮ್ಮನ್ನು ಕರೆಯುವ ಮೊದಲು ಪ್ರತಿದಿನ ಅದು ಒಂದು ಸಣ್ಣ ಸ್ವರ ಹೊರಡಿಸುತ್ತಿತ್ತು. ಕೆಳಗಿನಿಂದ ಎರಡು ಗಿಡ್ಡ ಮೆಟ್ಟಿಲು, ಆಮೇಲೆ ಉದ್ದಕ್ಕೆ ಒಂದು ಏರು. ಭಾಗವತರು ಹಾಡುವ ಮೊದಲು ಕೆಮ್ಮುವುದಿಲ್ಲವೇ, ಇದೂ ಹಾಗೆ ಎಂದು ನಾವು ತಿಳಿದಿದ್ದೆವು. ಎಲ್ಲ ಡಾಲ್ಫಿನ್‌ಗಳೂ ಹೀಗೆ ಕೆಮ್ಮುತ್ತಿದ್ದವು, ಒಂದೊಂದರ ಕೆಮ್ಮು ಒಂದೊಂದು ತರಹ. ಅದು ಕೆಮ್ಮಲ್ಲ. ಊರಿನವರ ಹೆಸರು ಹೇಳುವ ಮೊದಲು ಅದು ತನ್ನ ಹೆಸರು ಹೇಳುತ್ತಿತ್ತು. ಮಾನ ಮರ್ಯಾದೆ ಬಲ್ಲವರು ಯಾರಾದರೂ ಹಾಗೇ ಮಾಡುತ್ತಾರೆ. ನಾವೇ ಕೇಳಿಸಿಕೊಂಡಿರಲಿಲ್ಲ.

ವಿಚಿತ್ರವೆಂದರೆ ಆ ಸ್ವರವನ್ನು ನಾವು ಕಲಿತೇ ಇರಲಿಲ್ಲ, ಆದರೆ ಎಲ್ಲರಿಗೂ ಬರುತ್ತಿತ್ತು. ನಮ್ಮಲ್ಲಿ ಒಳ್ಳೆಯ ಸಿಳ್ಳೆ ಕಾರ್ಮಿನ್ ಬಾಯಿಯದು. ಅವಳು ಎರಡು ಬೆರಳು ಬಾಯಿಗಿಟ್ಟು ಎರಡು ಗಿಡ್ಡ, ಒಂದು ಉದ್ದ ಹಾಕಿದಳು. ಆರನೆಯ ಕಾಲುವೆಯಲ್ಲಿ, ಒಡ್ಡಿನ ಆಚೆಯಿಂದ, ಅದೇ ಸ್ವರ ಮೆಲ್ಲಗೆ ತಿರುಗಿ ಬಂತು. ಮತ್ತೊಮ್ಮೆ ಹಾಕಿದಳು. ಮತ್ತೊಮ್ಮೆ ಬಂತು. ನಾನು ದೋಣಿಯೊಳಗೇ ಎದ್ದು ಕುಣಿದುಬಿಟ್ಟೆ, ಸಾಹೇಬರು ಸೆರಗು ಹಿಡಿದು ಕೂರಿಸದಿದ್ದರೆ ನೀರಿಗೆ ಬೀಳುತ್ತಿದ್ದೆ.

ಒಡ್ಡಿನ ಆಚೆ ಇದ್ದದ್ದು ಸುಬ್ರಾಯನ ಸಿಗಡಿ ಹೊಂಡ. ಸುಬ್ರಾಯ ಎಂದರೆ ಮಾದೇವಿಯ ಗಂಡ, ನಮ್ಮ ಮೆಟ್ಟಿಲಿನ ಆ ಮಗುವಿನ ಅಜ್ಜ. ಹುಣ್ಣಿಮೆಯ ಸಂಜೆ ಉಬ್ಬರದ ನೀರು ತುಂಬಿಸಲು ಅವನು ತೂಬಿನ ಹಲಗೆಗಳನ್ನು ಎತ್ತಿದ್ದ. ಸಣ್ಣ ಮೀನುಗಳ ಹಿಂದೆ ಬಂದ ಡಾಲ್ಫಿನ್ ಒಳಗೆ ಸೇರಿತ್ತು, ಅವನು ಅದನ್ನು ಕಾಣದೆ ಹಲಗೆ ಇಳಿಸಿದ್ದ. ಇಳಿತಕ್ಕೆ ಹಲಗೆಗಳ ಸಂದಿನಿಂದ ನೀರು ಸೋರಿ ಈಗ ಹೊಂಡದಲ್ಲಿ ಸೊಂಟದಷ್ಟೂ ನೀರಿರಲಿಲ್ಲ. ತೂಬಿನ ಹತ್ತಿರ ಅದು ಹೊಟ್ಟೆ ಕೆಸರಿಗೆ ಊರಿ ಬಿದ್ದಿತ್ತು, ಬೆನ್ನು ಬಿಸಿಲಿಗೆ ಒಣಗುತ್ತಿತ್ತು. ರೆಕ್ಕೆ ಎಲ್ಲೂ ಹರಿದಿರಲಿಲ್ಲ. ಬಾಯಿಯ ಎಡ ಮೂಲೆಯಲ್ಲಿ ಒಂದು ಬಿಳಿಯ ಮಚ್ಚೆ ಇತ್ತು.

ಸುಬ್ರಾಯ ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತಿದ್ದ. ನಸುಕಿನಲ್ಲೇ ನೋಡಿದ್ದಾನೆ. ನೋಡಿ, ಹಾಜರಿಗೆ ಬಂದು, ತನ್ನ ಸಿಳ್ಳೆಗೆ ನೀರು ತಟ್ಟಿ, ಬಾಯಿ ಮುಚ್ಚಿಕೊಂಡು ತಿರುಗಿ ಬಂದಿದ್ದಾನೆ. “ಎಂಟು ದಿನ ತಡೀರಿ” ಎಂದ. “ಸಿಗಡಿ ಹಿಡಿದಾದ ಕೂಡ್ಲೆ ತೂಬು ತೆಗೀತೇನೆ. ಈಗ ತೆಗೆದರೆ ನಾಲ್ಕು ತಿಂಗಳು ಸಾಕಿದ್ದು ಪೂರಾ ಹೊಳೆಗೆ ಹೋಗ್ತದೆ. ದಿನಾ ಮೀನು ಹಾಕ್ತೇನೆ ಅದಕ್ಕೆ.”

“ಎಂಟು ದಿನ ಇರುವುದಿಲ್ಲ ಅದು. ಸಂಜೆಗೇ ಇರುವುದಿಲ್ಲ” ಎಂದರು ಸಾಹೇಬರು.

“ಒಂದಲ್ಲವಾ ಸಾಹೇಬ್ರೆ, ಅಷ್ಟೆಲ್ಲ ಉಂಟು ಕಡಲಲ್ಲಿ.”

“ಎಷ್ಟುಂಟು?” ಎಂದು ಕೇಳಿದಳು ಮಾದೇವಿ, ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುತ್ತ. “ಎಣಿಸಿದ್ದೀರಾ? ಇದು ಹೋದರೆ ನಿಮ್ಮ ಮೊಮ್ಮಗಳನ್ನು ನಾಳೆಯಿಂದ ಯಾರು ಕರೆಯುದು? ನೀವಾ?”

ಸುಬ್ರಾಯ ಕೊಡೆಯನ್ನು ತುಸು ಕೆಳಗಿಳಿಸಿ ಮುಖ ಮರೆಮಾಡಿಕೊಂಡ. ಸಾಹೇಬರು ಮುಂಗೈಯಿಂದ ಬೆವರು ಒರೆಸಿಕೊಂಡು ಅವನ ಪಕ್ಕದಲ್ಲಿ ಕೂತರು. ಅವರಿಗೆ ಗಟ್ಟಿ ಮಾತು ಬರುವುದಿಲ್ಲ. “ನೀನು ಆರು ವರ್ಷದವ ಇದ್ದಾಗಿನದ್ದು ಗೊತ್ತುಂಟಾ ನಿನಗೆ? ಇದೇ ಕಾಲುವೆಯ ಕೆಸರಲ್ಲಿ ಸೊಂಟದ ತನಕ ಹೂತುಹೋಗಿದ್ದೆ. ಮಧ್ಯಾಹ್ನದ ತನಕ ನಿನ್ನ ಹೆಸರು ಹಾಕಿದವು. ಊರಲ್ಲಿ ಅಷ್ಟು ಮಕ್ಕಳುಂಟು, ಇವನೊಬ್ಬ ಹೋಗ್ಲಿ ಅಂತ ಅವು ಹೇಳ್ಲಿಲ್ಲ. ನಿನ್ನನ್ನು ಎಳೆದು ತೆಗೆದವ ನಾನು. ಜಾಗ ತೋರಿಸಿದ್ದು ಅವು” ಎಂದರು.

ಸುಬ್ರಾಯ ತೂಬಿಗೆ ಕೈ ಹಾಕಲಿಲ್ಲ. ನಾವೂ ಒಡ್ಡಿನ ಮೇಲೆ ಕೂತೆವು. ಸುದ್ದಿ ಹರಡಿ ಊರವರು ಒಬ್ಬೊಬ್ಬರಾಗಿ ಬಂದು ಕೂತರು. ಯಾರೂ ಜಗಳ ತೆಗೆಯಲಿಲ್ಲ. ಹಾಜರಿ ಮುಗಿದಿಲ್ಲ, ಮುಗಿಯುವವರೆಗೆ ಕದಲುವುದಿಲ್ಲ, ಅಷ್ಟೇ. ನಮಗೆ ಕಲಿಸಿದ್ದೇ ಅದನ್ನು. ಹೋಟೆಲಿನವರು ಇಡ್ಲಿಯ ಪಾತ್ರೆಯನ್ನು ಅಲ್ಲಿಗೇ ಹೊತ್ತು ತಂದರು. ಮಕ್ಕಳಿಗೆ ಶಾಲೆ ಶುರುವಾಗದ ಸಂಭ್ರಮ. ನಾನು ಅಂಗಡಿಗೆ ಓಡಿ, ಶಾಲೆಯ ಅಂಗಿಗೆಂದು ತರಿಸಿಟ್ಟಿದ್ದ ಬಿಳಿ ಬಟ್ಟೆಯ ಥಾನನ್ನೇ ತಂದೆ. ಅದನ್ನು ಒದ್ದೆ ಮಾಡಿ ಡಾಲ್ಫಿನ್‌ನ ಬೆನ್ನಿಗೆ ಹೊದಿಸಿದೆವು, ಮೂಗಿನ ತೂತಿಗೆ ಮಾತ್ರ ಜಾಗ ಬಿಟ್ಟು. ಅಂಚೆ ಮಾಸ್ತರರು ಪಂಚೆ ಎತ್ತಿ ಕಟ್ಟಿ ಕೊಡದಲ್ಲಿ ನೀರು ಹೊಯ್ಯುತ್ತಿದ್ದರು. ಅದು ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು. ಏಳು ಗಂಟೆಯವರೆಗೆ ಮಲಗಿದೆಯಾ ಎಂದು ಕೇಳಿದ ಹಾಗಾಯಿತು.

ಹನ್ನೊಂದು ಗಂಟೆಗೆ ಸುಬ್ರಾಯ ಕೊಡೆ ಮಡಚಿದ. ಕೆಸರಿಗಿಳಿದು ಅದರ ಹತ್ತಿರ ಬಂದು ನಿಂತ. “ಬೆಳಿಗ್ಗೆ ನಾನು ಹೇಳ್ಬೇಕಿತ್ತು” ಎಂದ. ನಮಗೆ ಹೇಳಿದನೋ ಅದಕ್ಕೆ ಹೇಳಿದನೋ ತಿಳಿಯಲಿಲ್ಲ. ಆಮೇಲೆ ತೂಬನ್ನು ನೋಡಿ, “ನಾಲ್ಕು ಗಂಟೆಗೆ ಉಬ್ಬರ. ಆಗ ತೆಗೀತೇನೆ, ಸಿಗಡಿ ಹೋದರೆ ಹೋಗ್ಲಿ” ಎಂದ.

ಅವನು ಹಾಗೆ ಹೇಳಿದ ಮೇಲೆ ಅವನ ಸಿಗಡಿಯನ್ನು ಉಳಿಸುವುದು ಊರಿನ ಹಟವಾಯಿತು. ಹೊಂಡಕ್ಕೆ ಅಡ್ಡಲಾಗಿ ಬಲೆ ಎಳೆದು ಸಿಗಡಿಯನ್ನೆಲ್ಲ ಆಚೆ ತುದಿಗೆ ಅಟ್ಟಿ ಹಿಡಿದರೆ, ತೂಬಿನ ಈಚೆ ಡಾಲ್ಫಿನ್ ಒಂದೇ ಉಳಿಯುತ್ತದೆ. ಆದರೆ ಅಷ್ಟು ಉದ್ದದ ಸಣ್ಣ ಕಣ್ಣಿನ ಬಲೆ ಯಾರಲ್ಲೂ ಇರಲಿಲ್ಲ, ತುಂಡು ತುಂಡು ಹದಿನಾಲ್ಕು ಸಿಕ್ಕವು. ಅವನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಸೂಜಿ ಹಿಡಿದು ಒಡ್ಡಿನ ಮೇಲೆ ಕೂತೆ. ಕಾರ್ಮಿನ್ ಬಾಯಿ ಎದುರು ಬಂದು ಬಲೆಯ ಇನ್ನೊಂದು ತುದಿ ಹಿಡಿದುಕೊಂಡಳು. ಗಂಟೆಗಟ್ಟಲೆ ಮಾತಿಲ್ಲದೆ ಹೊಲಿದೆವು. ಕೊನೆಯ ಗಂಟು ಹಾಕುವಾಗ ಅವಳು, “ಇದಾದರೂ ಸ್ವಲ್ಪ ಸಡಿಲ ಹೊಲಿ” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಬಲೆಯ ಮೇಲೇ ಬಿದ್ದು ನಕ್ಕೆವು. ಏಳು ವರ್ಷದ ನಗು, ಸುಲಭಕ್ಕೆ ನಿಲ್ಲಲಿಲ್ಲ.

ನಾಲ್ಕು ಗಂಟೆಗೆ ಹೆಡ್ಮಾಸ್ತರರಿಂದ ಹಿಡಿದು ಹೋಟೆಲಿನ ಮಾಣಿಯವರೆಗೆ ಎಲ್ಲರೂ ಕೆಸರಿನಲ್ಲಿ ಸಾಲಾಗಿ ನಿಂತು ಬಲೆ ಎಳೆದರು. ಸಿಗಡಿ ಚಟಪಟ ಹಾರುತ್ತಿತ್ತು, ಒಂದು ಹೆಡ್ಮಾಸ್ತರರ ಜೇಬಿಗೇ ಸೇರಿತು. ಉಬ್ಬರದ ನೀರು ತೂಬಿನ ಮಟ್ಟಕ್ಕೆ ಬಂದಾಗ ಸುಬ್ರಾಯ ಒಂದೊಂದೇ ಹಲಗೆ ಎತ್ತಿದ. ನೀರು ಒಳನುಗ್ಗಿತು. ಡಾಲ್ಫಿನ್ ತೇಲಿತು, ನಾನು ಬಟ್ಟೆ ಸರಿಸಿದೆ. ಆದರೆ ಅದು ಹೋಗಲಿಲ್ಲ. ಜನ, ಬಲೆ, ಗದ್ದಲ ಕಂಡು ಒಡ್ಡಿಗೆ ಅಂಟಿಕೊಂಡಿತು. ಆಗ ನಾವು ಒಂಬತ್ತು ಜನ ತೂಬಿನ ಹೊರಗಡೆ ಕಾಲುವೆಗೆ ಇಳಿದು ನಿಂತೆವು. ಕಾರ್ಮಿನ್ ಬಾಯಿ ಶುರುಮಾಡಿದಳು, ನಾವೆಲ್ಲ ಸೇರಿಕೊಂಡೆವು. ಎರಡು ಗಿಡ್ಡ, ಒಂದು ಉದ್ದ. ಮೂರು ತಿಂಗಳ ಮಗು ಮಾತ್ರ ಸಿಳ್ಳೆಯ ಬದಲು ಗುಳ್ಳೆ ಬಿಟ್ಟಿತು. ಒಳಗೆ ನೀರು ಒಮ್ಮೆ ಕಲಕಿತು. ಬೂದು ಬಣ್ಣದ ದೊಡ್ಡ ದೇಹ ತೂಬಿನಿಂದ ನುಗ್ಗಿ ನನ್ನ ಮೊಣಕಾಲಿಗೆ ಉಜ್ಜಿಕೊಂಡೇ ಹೊರಬಂತು. ನಾನು ಹಿಂದಕ್ಕೆ ಬಿದ್ದು ಕುತ್ತಿಗೆಯವರೆಗೆ ಮುಳುಗಿದೆ. ಅಷ್ಟು ಸಂತೋಷ ನನಗೆ ನನ್ನ ಅಂಗಡಿ ತೆರೆದ ದಿನವೂ ಆಗಿರಲಿಲ್ಲ.

ಕಾಲುವೆಯ ಬಾಯಲ್ಲಿ ಉಳಿದ ಡಾಲ್ಫಿನ್‌ಗಳು ಕಾಯುತ್ತಿದ್ದವು. ಎಲ್ಲವೂ ಒಟ್ಟಿಗೆ ಅಳಿವೆಗೆ ಹೋದವು, ಊರು ಕೆಸರು ಮೈಯಲ್ಲೇ ಅವುಗಳ ಹಿಂದೆ ಓಡಿತು. ಮೆಟ್ಟಿಲಿನ ಎದುರು ಬಿಳಿ ಮಚ್ಚೆಯದು ಮುಂದೆ ಬಂದು ಮೊದಲು ತನ್ನ ಹೆಸರು ಹೇಳಿತು. ಆಮೇಲೆ ನಮ್ಮನ್ನು ಕರೆಯಿತು, ಒಂಬತ್ತು ಜನರನ್ನೂ, ಒಬ್ಬರನ್ನೂ ಬಿಡದೆ. ಅಂಚೆ ಮಾಸ್ತರರು ನೀರನ್ನು ಎಷ್ಟು ಜೋರಾಗಿ ತಟ್ಟಿದರೆಂದರೆ ಕನ್ನಡಕ ಹಾರಿಹೋಯಿತು. ನಾನು ಮೊದಲ ಕರೆಗೇ ತಟ್ಟಿದೆ. ಕೊನೆಗೆ ಮಾದೇವಿ ಮಗುವಿನ ಅಂಗೈ ಹಿಡಿದು ತಟ್ಟಿಸಿದಳು, ಪಕ್ಕದಲ್ಲಿ ಸುಬ್ರಾಯನೂ ಬಗ್ಗಿ ನಿಂತಿದ್ದ. ಹಾಜರಿ ಮುಗಿಯಿತು. ನಿಯಮವೆಂದರೆ ನಿಯಮ. ಸಂಜೆ ಐದು ಗಂಟೆಗೆ ಹೆಡ್ಮಾಸ್ತರರು ಹೋಗಿ ಶಾಲೆಯ ಬೆಳಗಿನ ಗಂಟೆ ಹೊಡೆದರು, ಮಕ್ಕಳೆಲ್ಲ ಅಯ್ಯೋ ಎಂದರು.

ಮರುದಿನದಿಂದ ಊರಿನಲ್ಲಿ ಹೊಸ ಪದ್ಧತಿ ಬಂದಿದೆ. ಅವು ನಮ್ಮನ್ನು ಕರೆಯುವ ಮೊದಲು ನಾವು ಅವುಗಳನ್ನು ಕರೆಯುತ್ತೇವೆ, ಒಂದೊಂದು ಮೆಟ್ಟಿಲಿನವರು ಒಂದೊಂದರ ಹೆಸರು. ಅವು ಬಾಲದಿಂದ ನೀರು ತಟ್ಟುತ್ತವೆ. ಇಪ್ಪತ್ತಮೂರು ಇವೆ. ಒಂದು ಕಡಿಮೆಯಾದರೂ ದೋಣಿ, ತೂಬು, ಬಲೆ ಯಾವುದೂ ಅಲುಗಬಾರದು ಎಂದು ಊರವರು ಸೇರಿ ತೀರ್ಮಾನಿಸಿದ್ದೇವೆ.

ನಮ್ಮ ಮೆಟ್ಟಿಲಿನಿಂದ ಕರೆಯುವ ಕೆಲಸ ನನ್ನದು. ಅದಕ್ಕಾಗಿ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಏಳಬೇಕು, ಏಳುತ್ತೇನೆ. ಆ ಮೊದಲ ಬೆಳಿಗ್ಗೆ ನಾನು ಎದೆ ತುಂಬ ಉಸಿರೆಳೆದು ಎರಡು ಗಿಡ್ಡ, ಒಂದು ಉದ್ದ ಹಾಕಿದೆ. ಬಿಳಿ ಮಚ್ಚೆ ಎದುರಿಗೇ ಕಾಣುತ್ತಿತ್ತು. ಆದರೆ ಬಾಲ ಅಲ್ಲಾಡಲಿಲ್ಲ. ಮತ್ತೆ ಹಾಕಿದೆ. ಅದು ಒಂದು ಕಣ್ಣಿನಿಂದ ನನ್ನನ್ನು ನೋಡುತ್ತ ಸುಮ್ಮನೆ ತೇಲುತ್ತಿತ್ತು. ಕಾರ್ಮಿನ್ ಬಾಯಿ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು. ನಾನು ಮೂರನೆಯ ಸಲ ಕರೆದೆ. ಆಗ ಅದು ಬಾಲ ಎತ್ತಿ ನನ್ನ ಮೈಯೆಲ್ಲ ತೊಯ್ಯುವ ಹಾಗೆ ನೀರು ತಟ್ಟಿತು.